ಬಿಡದಿಯ ಮಹಡಿಯಲ್ಲಿ ಆಕಾಶನೌಕೆಯ ನಿಯಮ ತಿದ್ದುವ ಶಿವಲಕ್ಷ್ಮಿ

ಬೆಳಿಗ್ಗೆ ಆರೂವರೆ. ಬಿಡದಿಯ ಹೋಟೆಲೊಂದರಲ್ಲಿ ಕಾರ್ಖಾನೆಯ ಮೊದಲ ಪಾಳಿಗೆ ಹೊರಟವರು ನಿಂತೇ ತಟ್ಟೆ ಇಡ್ಲಿ ತಿನ್ನುತ್ತಿದ್ದಾರೆ. ಮೇಲಿನ ಮಹಡಿಯಲ್ಲಿ ಶಿವಲಕ್ಷ್ಮಿ ಪಕ್ಕದಲ್ಲೊಂದು ಇಂಗ್ಲಿಷ್ ಪುಸ್ತಕ, ಎದುರಿಗೆ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದಾರೆ. ಪುಸ್ತಕದ ಸಾಲಿನ ಕೆಳಗೆ ಸ್ಕೇಲು, ಪರದೆಯ ಮೇಲೆ ಬೆರಳು. ಒಂಬತ್ತಕ್ಕೆ ಕರೆಂಟು ಹೋಗುತ್ತದೆ. ಅಷ್ಟರೊಳಗೆ ಹದಿನೈದು ಪುಟ ಮುಗಿಯಬೇಕು.

ನನ್ನನ್ನು ಕಂಡ ಕೂಡಲೇ ಪರದೆ ಆರಿಸುತ್ತಾರೆ. “ಯಾರ್ ಕಳ್ಸಿದ್ರು ನಿಮ್ಮನ್ನ?” ಎನ್ನುತ್ತಾರೆ. ಪತ್ರಿಕೆಯ ಗುರುತಿನ ಚೀಟಿಯನ್ನು ಎರಡೂ ಬದಿ ಓದಿದ ಮೇಲೆಯೇ ಕುರ್ಚಿ ತೋರಿಸುತ್ತಾರೆ.

ಅವರು ಅಚ್ಚಿನ ಪ್ರತಿಯೊಂದಿಗೆ ತಾಳೆ ನೋಡಿ ತಿದ್ದುತ್ತಿರುವುದು ಮೇಜಿನ ಸುತ್ತ ಕೂತು ಆಡುವ ಆಟವೊಂದರ ನಿಯಮಗಳನ್ನು. ಕೆಟ್ಟು ನಿಂತ ಆಕಾಶನೌಕೆ, ಮುಗಿಯುತ್ತಿರುವ ಗಾಳಿ, ಒಳಗೆ ಆರು ಜನ. ಆಡುವವರು ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಹಾಕುತ್ತಾರೆ, ಹೆಚ್ಚಿನವರು ಸಾಯುತ್ತಾರೆ. ವಿದೇಶಿ ಪ್ರಕಾಶಕರೊಬ್ಬರು ಹಳೆಯ ಮುದ್ರಣವನ್ನು ಇಲ್ಲಿಗೆ ಕಳಿಸಿ, ಕಂಪ್ಯೂಟರಿನಲ್ಲಿ ಓದುವಂತೆ ಮಾಡಿಸಿಕೊಂಡು, ಇಂಟರ್‌ನೆಟ್ಟಿನಲ್ಲಿ ಮಾರುತ್ತಾರೆ. ಹಾಗೆ ಮಾಡಿಕೊಡುವ ಆರು ಕುರ್ಚಿಗಳ ಈ ಕಚೇರಿ ಮನೋಹರ್ ಎಂಬವರದು.

ಶಿವಲಕ್ಷ್ಮಿ ರಾಮನಗರದ ಬಳಿಯ ಕೈಲಾಂಚದವರು, ಪಿಯುಸಿ ಓದಿದ್ದಾರೆ. ಗಂಡ ಗಂಗರಾಜು ಕುರಿ, ಹಿಪ್ಪುನೇರಳೆ ನೋಡಿಕೊಳ್ಳುತ್ತಾರೆ. ನಸುಕಿನಲ್ಲೇ ಮೊಪೆಡ್ಡಿನಲ್ಲಿ ಹೆಂಡತಿಯನ್ನು ರಾಮನಗರದ ರೈಲಿಗೆ ಬಿಡುತ್ತಾರೆ. ಒಮ್ಮೆ ಮನೆಗೆ ತಂದ ಹಾಳೆಯಲ್ಲಿ ತಲೆಬುರುಡೆ ಕಂಡ ಅತ್ತೆ ಬೀರಮ್ಮ ಹೌಹಾರಿದ್ದರಂತೆ. “ಇದು ಮಾಟದ ಪುಸ್ತಕ ಕಣಮ್ಮ, ಒಳೀಕ್ ತರಬ್ಯಾಡ ಅಂದ್ಬುಟ್ರು. ಈಗ್ಲೂ ನನ್ ಬ್ಯಾಗ್ ಹೊರ್‍ಗಡೆ ಜಗಲೀ ಮ್ಯಾಲೇ ಇರ್ತದೆ” ಎಂದು ನಗುತ್ತಾರೆ.

ಕಳೆದ ವರ್ಷ, 2008ರ ದೀಪಾವಳಿಯ ಹೊತ್ತಿಗೆ, ಶಿವಲಕ್ಷ್ಮಿ ತಿದ್ದಿ ಮುಗಿಸಿದ್ದ ಇದೇ ಆಟದ ಹಿಂದಿನ ಪುಸ್ತಕವೊಂದನ್ನು ಪ್ರಕಾಶಕರು ಒಂದು ವಾರ ಅರ್ಧ ಬೆಲೆಗೆ ಕೊಡುವುದಾಗಿ ಸಾರಿದ್ದರು. ಮಾರಾಟ ಶುರುವಾಗಲು ಎರಡು ದಿನ ಇರುವಾಗ ಅದೇ ಪುಸ್ತಕ ಬೇರೊಂದು ಕಡೆ ಬಿಟ್ಟಿಯಾಗಿ ಸಿಗತೊಡಗಿತು. ಕದ್ದವರು ಬಿಡದಿಯವರೇ ಇರಬೇಕು ಎಂದು ಪ್ರಕಾಶಕರಿಂದ ಪತ್ರ ಬಂತು. ಎಲ್ಲರಿಗಿಂತ ಮೊದಲು ಬರುವವರು, ಬಾಗಿಲ ಕೀಲಿ ಇದ್ದವರು ಶಿವಲಕ್ಷ್ಮಿ. ಮನೋಹರ್ ಆ ಸಂಜೆಯೇ ಕೀಲಿ ವಾಪಸ್ ಪಡೆದರು. ಮರುದಿನದಿಂದ ಹೋಗುವಾಗ ಬರುವಾಗ ಬ್ಯಾಗ್ ತಪಾಸಣೆ.

“ಪಕ್ಕದ್ ಸೀಟಿನ ಸೌಮ್ಯ ನನ್ ಡಬ್ಬೀಲಿ ಊಟ ಹಂಚ್ಕೊಳೋದ್ನೂ ಬುಟ್ಳು. ಮನೇಲಿ ಕೆಲ್ಸ ಬಿಡು ಅಂದ್ರು. ಬುಟ್ಟೋದ್ರೆ ನಾನೇ ಕದ್ದೆ ಅಂತ ಆಯ್ತದಲ್ವಾ ಸಾರ್?”

ಬಿಡಲಿಲ್ಲ. ಕದ್ದ ಪ್ರತಿಯನ್ನು ಒಮ್ಮೆ ತೋರಿಸಿ ಎಂದು ಕೇಳಿದರು. ಮನೋಹರ್ ಎರಡು ದಿನ ಸತಾಯಿಸಿ, ಕೊನೆಗೆ ತಾವೇ ಬೆನ್ನ ಹಿಂದೆ ನಿಂತು ತೋರಿಸಿದರು. ಶಿವಲಕ್ಷ್ಮಿ ಮೊದಲಿನಿಂದ ಒಂದೊಂದೇ ಪುಟ ಸರಿಸುತ್ತ ಹೋಗಿ ನೂರ ನಲವತ್ತೊಂದರಲ್ಲಿ ನಿಂತರು. ಅಲ್ಲಿ ನೌಕೆಯ ನಕ್ಷೆ ಇತ್ತು. ಆಮೇಲೆ ತಮ್ಮ ನೋಟ್‌ಬುಕ್ ತೆಗೆದರು. ಕಂಡ ಪ್ರತಿ ಅನುಮಾನವನ್ನೂ ತಾರೀಖು ಹಾಕಿ ಕನ್ನಡದಲ್ಲಿ ಬರೆದಿಡುವುದು ಅವರ ಅಭ್ಯಾಸ. ಅದರಲ್ಲಿತ್ತು: ‘141ರಿಂದ 144 ಬಂದಿಲ್ಲ. ಸಾರ್‌ನ ಕೇಳಿದ್ದಕ್ಕೆ, ನಕ್ಷೆ ಪ್ರಕಾಶಕರೇ ಅಲ್ಲಿ ಸೇರಿಸುತ್ತಾರೆ ಅಂದರು.’

“ಈ ನಾಲ್ಕ್ ಪುಟ ನಮ್ ಆಫೀಸಿಗೆ ಬರ್‍ಲೇ ಇಲ್ಲ. ಇಲ್ದಿದ್ದ ಪುಟಾನ ನಾನ್ ಎಂಗ್ ಕದೀಲಿ ಸಾರ್ ಅಂದೆ.”

ಮನೋಹರ್ ಅದನ್ನೇ ಬರೆದು ಕಳಿಸಿದರು. ಮೂರು ವಾರದ ಮೇಲೆ ಉತ್ತರ ಬಂತು: ಪ್ರತಿ ಸೋರಿದ್ದು ಅಲ್ಲಿಂದಲೇ, ನಕ್ಷೆ ಸೇರಿಸಿದ ಮೇಲೆ. ಕ್ಷಮೆ ಎಂಬ ಮಾತು ಅದರಲ್ಲಿರಲಿಲ್ಲ. ಮನೋಹರ್ ಕೀಲಿಯನ್ನು ಮೇಜಿನ ಮೇಲಿಟ್ಟರು. ಶಿವಲಕ್ಷ್ಮಿ ಮುಟ್ಟಲಿಲ್ಲ. “ಬ್ಯಾಡ ಸಾರ್, ನೀವೇ ಬಂದು ತೆಗೀರಿ” ಎಂದರು. ಅಂದಿನಿಂದ ಮಾಲೀಕರೇ ಆರೂಕಾಲಿಗೆ ಬಂದು ಬಾಗಿಲು ತೆರೆಯುತ್ತಾರೆ. ಸೌಮ್ಯ ಮತ್ತೆ ಪಕ್ಕದಲ್ಲಿ ಊಟಕ್ಕೆ ಕೂರುತ್ತಾರೆ. “ಕೂರ್‍ಲಿ. ಒಸಿ ದಿನ ಬೇಕು, ನಂಗೂ” ಎನ್ನುತ್ತಾರೆ ಶಿವಲಕ್ಷ್ಮಿ.

ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಮತ್ತೆ ಹಚ್ಚಿಕೊಂಡಿದ್ದ ಪರದೆಯಿಂದ ಕಣ್ಣು ಕೀಳುತ್ತಾರೆ.

“ಆ ಆಟ ಆಡೋರ್‍ನ ಒಂದ್ಸಲ ನೋಡ್ಬೇಕು ಸಾರ್. ಆಡ್ತಾ ಆಡ್ತಾ ಜಗಳ ಬಂದು, ರೂಲು ಏನೈತೆ ನೋಡು ಅಂತ ಪುಸ್ತಕ ತೆಗೀತಾರಲ್ಲ, ಅಲ್ಲಿರೋದು ಸರಿಯಾಗೇ ಇರ್ತದೆ. ಅಷ್ಟ್ ನಂಗೊತ್ತು.”