ಸುಣ್ಣದ ಗಡಿಗೆಯ ಸಮತೋಲನ

ಮೊಮ್ಮಗಳು ಕೆಮಿಸ್ಟ್ರಿಯಲ್ಲಿ ಫೇಲಾದದ್ದು ದಡ್ಡತನದಿಂದಲ್ಲ, ಅವಸರದಿಂದ. ಶಿರಾದಲ್ಲಿದ್ದ ಮರುಪರೀಕ್ಷೆಯ ಹಿಂದಿನ ದಿನ ಅವಳೂ ಕೂರಲಿಲ್ಲ, ನನ್ನನ್ನೂ ಕೂರಲು ಬಿಡಲಿಲ್ಲ.

"ರಾಸಾಯನಿಕ ಕ್ರಿಯೆ ಸಮತೋಲನಕ್ಕೆ ಬಂದಾಗ ಗಿಬ್ಸ್ ಶಕ್ತಿಯ ವ್ಯತ್ಯಾಸ ಸೊನ್ನೆ ಅಜ್ಜಿ. ಅದ್ಕೇ ಹೋದ್ಸಲ ಎರಡು ಕಡೆನೂ ಸಮ, ಸಮತೋಲನ ಸ್ಥಿರಾಂಕ ಒಂದು ಅಂತ ಬರೆದ್ಬುಟ್ಟೆ, ತಪ್ಪಾಯ್ತು."

ಎಲೆಯಡಿಕೆಗೆಂದು ನೀರು ಹಾಕಿಟ್ಟಿದ್ದ ಸುಣ್ಣದ ಗಡಿಗೆ ತಂದಿಟ್ಟೆ.

"ತಿಂಗಳಿಂದ ಇಂಗೇ ತಿಳಿಯಾಗೈತೆ. ಕರಗಿರೋದೂ ತಳದಾಗಿರೋದೂ ಸಮ ಐತೇನೇ?"

"ಇಲ್ಲ, ಕರಗಿರೋದು ಚೂರೇ."

ಪುಸ್ತಕ ತಿರುವಿ ಕೂಗಿದಳು: "ಸ್ಥಿರಾಂಕ ಹೇಳೋದು ಸ್ಟ್ಯಾಂಡರ್ಡ್ ಗಿಬ್ಸ್ ಕಣಜ್ಜಿ, ಅದೇ ಬೇರೆ! ಅದು ಸೊನ್ನೆಗಿಂತ ಜಾಸ್ತಿಯಿದ್ರೆ ಸ್ಥಿರಾಂಕ ಒಂದಕ್ಕಿಂತ ಕಮ್ಮಿ, ಈ ಸುಣ್ಣದಂಗೆ."

"ಅದನ್ನೇ ಬರಿ, ಹೋಗು. ನಂಗೇನು ಗೊತ್ತು?"

ಮರುದಿನ ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿ ಬಂದೆ. ಮನಸ್ಸು ನಿಲ್ಲದೆ ಗಡಿಗೆಯನ್ನು ಕಲಕಿ, ಅದು ಮತ್ತೆ ತಿಳಿಯಾಗುವವರೆಗೂ ಅಂಗಳದಲ್ಲಿ ಅಡ್ಡಾಡಿದೆ.