ಆರಾಮ ಅದೀನ್ರಿ ಅನ್ನುತ್ತಿದ್ದ ಭೀಮಶಾ

ಭೀಮಶಾ ಅಂದರೆ ನನಗೆ ಮೊದಲು ನೆನಪಾಗುವುದು ಅವನ ಪಾದಗಳು. ಶಹಾಬಾದಿನ ನಮ್ಮ ಮನೆಗೆ ಫರಸಿ ಹಾಸಿದವನು ಅವನೇ. ಹಾಸಿದ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದು, "ಇಲ್ಲಿ ಒಂಚೂರು ಎದ್ದದ ನೋಡ್ರಿ ಅಕ್ಕೋರ" ಅನ್ನುತ್ತಿದ್ದ. ಕಾನ್ವೆಂಟಿನಲ್ಲಿ ಓದಿ ಅಲ್ಲೇ ಟೀಚರ್ ಆದವಳು ನಾನು; "ಮೈ ಬ್ಯಾಲೆ ಡ್ಯಾನ್ಸರ್" ಎಂದು ಚೇಷ್ಟೆ ಮಾಡುತ್ತಿದ್ದೆ.

"ಅದೇನು ಬೈಗುಳ ಏನ್ರಿ?" ಎಂದು ನಗುತ್ತಿದ್ದ.

ಇನ್ನೊಂದು ಅವನ ಚಾಳಿ. ಹಿರಿಯರು "ಹೆಂಗಿದ್ದೀ?" ಎಂದು ಕೇಳಿದರೆ, ಚಳಿಜ್ವರದಲ್ಲಿ ನಡುಗುತ್ತಿದ್ದರೂ "ಆರಾಮ ಅದೀನ್ರಿ" ಅನ್ನಬೇಕು. ಅವನ ಹುಟ್ಟೂರು ದಂಡೋತಿಯಲ್ಲಿ ಅವ್ವ ಕಲಿಸಿದ ಮರ್ಯಾದೆ. "ದೊಡ್ಡೋರ ಮುಂದ ಬ್ಯಾನಿ ಹೇಳಿ ಅವ್ರ ಜೀವಕ್ಕ ಯಾಕ ತ್ರಾಸ ಕೊಡಬೇಕ್ರಿ?"

ಕಲ್ಲುಗಣಿಯ ಹತ್ತಿರ ನಡೆದ ಹೊಡೆದಾಟದ ಕೇಸಿನಲ್ಲಿ ಅವನನ್ನೂ ಹಿಡಿದು ಜೈಲಿಗೆ ಹಾಕಿದರು. ವಿಚಾರಣೆ ಇನ್ನೂ ಶುರುವಾಗಿರಲಿಲ್ಲ. ಮೊದಲೇ ಶುಗರ್ ಇದ್ದ ಮನುಷ್ಯ, ಪೂರ್ ಫೆಲೋ. ಅವನ ಹೆಂಡತಿ ನಿಂಗಮ್ಮನ ಜೊತೆ ಮುಲಾಕಾತಿಗೆ ಹೋದಾಗ ಜಾಲರಿಯ ಆಚೆ ಕುಂಟುತ್ತ ಬಂದ. ಹೆಬ್ಬೆರಳಿಗೆ ಅರಿವೆಯ ಚಿಂದಿ ಸುತ್ತಿತ್ತು. ಹುಣ್ಣಿನ ವಾಸನೆ ನಮ್ಮ ತನಕ ಬಂತು.

"ಡಾಕ್ಟರಿಗೆ ತೋರಿಸಿದಿಯೇನೋ?" ಎಂದೆ.

"ಬಂದಿದ್ರಿ. ಸಾಲಿನಾಗ ನಿಂತಿದ್ದೆ. ಹೆಂಗಿದ್ದೀಯಪ್ಪ ಅಂತ ಕೇಳಿದ್ರು."

"ನೀ ಏನಂದಿ?"

ತಲೆ ತಗ್ಗಿಸಿದ. "ಆರಾಮ ಅದೀನ್ರಿ ಅಂದೆ. ಅವ್ರು ಮುಂದಿನವನ ಕಡಿ ಹೋದ್ರು."

"ಕಾಲು ಕೊಳೀಲಿಕತ್ತದ, ಇಂವ ಮರ್ಯಾದಿ ಮಾಡ್ಲಿಕತ್ತಾನ," ನಿಂಗಮ್ಮ ಹಣೆ ಬಡಿದುಕೊಂಡಳು.

ಮಕ್ಕಳಿಗೆ ರೈಮ್ಸ್ ಕಲಿಸುವ ಹಾಗೆ ಅಲ್ಲೇ ಅವನ ಬಾಯಿಂದ ಹೇಳಿಸಿದೆ: ಆರಾಮ ಇಲ್ರಿ, ಕಾಲು ನೋಡ್ರಿ. ಪಹರೆಯವನು ನಕ್ಕ. ಭೀಮಶಾ ನಾಚಿಕೊಂಡ.

ಮುಂದಿನ ಸಲ ಡಾಕ್ಟರ್ ಬಂದಾಗ ಹೇಗೋ ಹೇಳಿದನಂತೆ. ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದು ಅವರು ಬರೆದೂ ಕೊಟ್ಟರು. ಆದರೆ ಎಸ್ಕಾರ್ಟಿಗೆ ಪೊಲೀಸರಿಲ್ಲ, ಬಂದೋಬಸ್ತಿಗೆ ಹೋಗಿದ್ದಾರೆ, ನಾಳೆ ನೋಡೋಣ. ಹೋದಾಗಲೆಲ್ಲ ಗೇಟಿನಲ್ಲಿ ಅದೇ ನಾಳೆ. ವಕೀಲರು ಕೋರ್ಟಿನಲ್ಲಿ ಅರ್ಜಿ ಹಾಕಿದರು. ನಮ್ಮ ಮನೆಯ ನೆಲದ ಮೇಲೆ ಕಾಲಿಟ್ಟರೂ ಅವನ ಪಾದವೇ ಕಾಣುತ್ತಿತ್ತು. ಅದು ಈಗ ಎಲ್ಲಿಯವರೆಗೆ ಕಪ್ಪಾಗಿರಬಹುದು?

ಕೋರ್ಟು ಹೇಳಿದ ಮೇಲೆ ಒಯ್ದರು. ಅಷ್ಟರಲ್ಲಿ ಇನ್ಫೆಕ್ಷನ್ ರಕ್ತಕ್ಕೇ ಇಳಿದಿತ್ತು. ಮಂಚದ ಕಂಬಿಗೆ ಅವನ ಒಂದು ಕೈ ಸೇರಿಸಿ ಕೋಳ ಹಾಕಿದ್ದರು.

"ಇಂವ ಎಲ್ಲಿಗಿ ಓಡ್ತಾನ್ರಿ ಸಾಹೇಬ್ರ?" ಎಂದಳು ನಿಂಗಮ್ಮ. ಕಾವಲಿಗಿದ್ದ ಪೇದೆ ಕಿಟಕಿಯ ಕಡೆ ನೋಡಿದ.

ಅವತ್ತೇ ಅವನನ್ನು ನಾನು ಕೊನೆಯ ಸಲ ನೋಡಿದ್ದು. ಬಗ್ಗಿ, "ಹೆಂಗಿದ್ದೀ ಭೀಮಶಾ?" ಎಂದೆ. ಹಳೆಯ ಉತ್ತರವನ್ನೇ ಹೇಳಲಿ ಎಂದು ಒಳಗೊಳಗೇ ಪ್ರೇ ಮಾಡುತ್ತಿದ್ದೆ.

"ಆರಾಮ ಇಲ್ರಿ ಅಕ್ಕೋರ."

ಹಾಗೆಂದವನು ಕೋಳವಿಲ್ಲದ ಕೈಯಿಂದ ಚಾದರ ಎಳೆದು, ನನಗೆ ಕಾಣದಂತೆ ಕಾಲು ಮುಚ್ಚಿಕೊಂಡ.