ಅಕ್ಕನ ಹತ್ತು ಉಗುರು

ಕಾಲಿನ ಉಗುರು ಕತ್ತರಿಸಿಕೊಳ್ಳಲು ಈಗೀಗ ನನಗೆ ಅರ್ಧ ಗಂಟೆ ಬೇಕು. ಬಗ್ಗಿದರೆ ಹೊಟ್ಟೆ ಅಡ್ಡ ಬರುತ್ತದೆ, ಕನ್ನಡಕ ಜಾರುತ್ತದೆ. ಮುಗಿಸಿ ಏಳುವಾಗ ಲೋಕಲ್ ರೈಲಿನಲ್ಲಿ ಬೊರಿವಲಿಯಿಂದ ಚರ್ಚ್‌ಗೇಟಿನವರೆಗೆ ನಿಂತೇ ಹೋಗಿ ಬಂದಷ್ಟು ದಣಿವು. ಇಷ್ಟು ಕಷ್ಟಪಟ್ಟು ಕತ್ತರಿಸಿ ಕಸದ ಡಬ್ಬಿಗೆ ಸುರಿಯುವುದರಲ್ಲಿ ನನ್ನದೇ ಕಳೆದ ದಿನಗಳಿರುತ್ತವೆ ಎಂದು ಗೊತ್ತಾದದ್ದು ಅಕ್ಕನ ಮಗಳು ಮೇಘಾಳಿಂದ.

ಅಂಧೇರಿಯ ಪ್ರಯೋಗಾಲಯವೊಂದರಲ್ಲಿ ಅವಳ ಕೆಲಸ. ನೀರು, ಅನ್ನ, ಗಾಳಿಯಿಂದ ಮೈಗೆ ಸೇರಿದ ಆರ್ಸೆನಿಕ್, ಕ್ಯಾಡ್ಮಿಯಂ, ಸತುವಿನಂಥವು ಅಷ್ಟಿಷ್ಟು ಉಗುರಿನಲ್ಲಿ ಉಳಿದುಕೊಳ್ಳುತ್ತವಂತೆ. ಕಾಲಿನ ಉಗುರು ನಿಧಾನವಾಗಿ ಬೆಳೆಯುವುದರಿಂದ, ಇವತ್ತು ಕತ್ತರಿಸಿದ ತುದಿಯಲ್ಲಿರುವುದು ತಿಂಗಳುಗಳ ಹಿಂದಿನ ಸುದ್ದಿ. ಕ್ಯಾನ್ಸರ್ ಬಂದವರ ಉಗುರನ್ನೂ ಬಾರದವರ ಉಗುರನ್ನೂ ಹೋಲಿಸಿ, ಯಾವುದು ಹೆಚ್ಚಿದ್ದರೆ ಅಪಾಯ ಎಂದು ಹುಡುಕುತ್ತಾರೆ. ನನ್ನ ನೆನಪಿಗಿಂತ ನಂಬಿಕಸ್ಥವಾದದ್ದು ನನ್ನ ಮೈಯಲ್ಲೇ ಇದೆ, ಅದೂ ಕಾಲ ತುದಿಯಲ್ಲಿ. ಓದಿದವನಿಗೆ ಇದು ಸ್ವಲ್ಪ ಅವಮಾನ.

ಅಕ್ಕನಿಗೆ ಹೋದ ವರ್ಷ ಸ್ತನ ಕ್ಯಾನ್ಸರಿನ ಆಪರೇಷನ್ ಆಯಿತು. ಮೂವತ್ತು ವರ್ಷದಿಂದ ಅವಳಿರುವುದು ಜೋಗೇಶ್ವರಿಯ ಒಂದು ಗಲ್ಲಿಯಲ್ಲಿ. ಅಡುಗೆಮನೆ ಕಿಟಕಿಯ ಆಚೆ, ನಲ್ಲಿಗಳಿಗೆ ಹೊಳಪಿನ ಲೋಹದ ಲೇಪ ಹಾಕುವ ಸಣ್ಣ ಕಾರ್ಖಾನೆ. ಆ ಮನೆ ಹುಡುಕಿಕೊಟ್ಟವನು ನಾನು. ಸ್ಟೇಷನ್ನಿಗೆ ಐದೇ ನಿಮಿಷ ಎಂದು ಜಂಬ ಬೇರೆ ಕೊಚ್ಚಿಕೊಂಡಿದ್ದೆ. ಅಕ್ಕನ ಉಗುರನ್ನೂ ಪರೀಕ್ಷೆಗೆ ಸೇರಿಸುತ್ತಾರೆ ಎಂದು ಕೇಳಿದಾಗ ನನ್ನ ಮೇಲೇ ತನಿಖೆ ಶುರುವಾದಂತೆ ಅನ್ನಿಸಿತು.

ಮೇಘಾ ತನ್ನ ಜೊತೆ ಕೆಲಸ ಮಾಡುವ ಹುಡುಗಿಯನ್ನು ಕರೆತಂದ ದಿನ ನಾನೂ ಹೋಗಿದ್ದೆ. ಅಕ್ಕ ಕಾಲು ಉಜ್ಜಿ ತೊಳೆದು, ಅರಿಶಿನ ಹಚ್ಚಿಕೊಂಡು ಕೂತಿದ್ದಳು. ಹತ್ತೂ ಉಗುರನ್ನು ಬುಡದ ತನಕ ಕತ್ತರಿಸಿಯಾಗಿತ್ತು.

“ಆಯಿ, ಸಬ್ ಕಾಟ್ ದಿಯಾ? ನಮಗೆ ಅದೇ ಬೇಕಿತ್ತು,” ಎಂದು ಮೇಘಾ ತಲೆ ಹಿಡಿದುಕೊಂಡಳು.

“ಹೊರಗಿನವರು ಕಾಲು ನೋಡ್ತಾರಂದ್ರ ಹಂಗ ಚಾಚಿ ಕೂಡ್ಲೇನು? ಇವತ್ತ ಮಂಗಳವಾರ, ಉಗುರು ತೆಗೀಬಾರದು. ಅದಕ್ಕ ನಿನ್ನೇನೇ ತೆಗೆದೆ.”

“ಎಲ್ಲಿ ಇಟ್ಟಿ?” ಎಂದಳು ಮೇಘಾ.

“ಮನ್ಯಾಗ ಇಡ್ತಾರೇನ ಅದನ್ನ? ಗಟಾರಕ್ಕ ಹಾಕಿ ಬಂದೆ.”

ಮತ್ತೆ ಬೆಳೆಯುವ ತನಕ ಕಾಯಬೇಕಾಯಿತು. ಜಾಮೀನು ಸಿಕ್ಕವನ ಹಾಗೆ ನಾನು ಓಡಾಡಿಕೊಂಡಿದ್ದೆ. ಜೋಗೇಶ್ವರಿಗೆ ಹೋದಾಗೆಲ್ಲ ಅಕ್ಕನ ಮುಖಕ್ಕಿಂತ ಮೊದಲು ಕಾಲು ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಮೇಘಾಳನ್ನೇ ಕೇಳಿದೆ: ಆ ಮನೆಯಿಂದಲೇ ರೋಗ ಬಂತು ಎಂದು ಉಗುರು ಹೇಳುತ್ತದೆಯೇ?

“ಒಬ್ಬರ ಉಗುರು ಅಷ್ಟೆಲ್ಲ ಹೇಳಲ್ಲ ಮಾಮಾ. ತುಂಬಾ ಜನರದು ಒಟ್ಟಿಗೆ ಇಟ್ಟರೆ ಏನಾದರೂ ಕಾಣುತ್ತೆ, ಅದೂ ಶಾಯದ್. ಮೂವತ್ತು ಸಾಲ್ ಹಿಂದಿನ ಉಗುರು ಎಲ್ಲಿಂದ ತರೋದು?”

ಇದನ್ನು ಕೇಳಿ ನಿರಾಳವಾಗಬೇಕಿತ್ತು. ಆಗಲಿಲ್ಲ. ತಪ್ಪು ಸಾಬೀತಾಗುವುದಿಲ್ಲ, ನಿಜ. ಆದರೆ ಖುಲಾಸೆಯೂ ಆಗುವುದಿಲ್ಲ. ಈ ವಯಸ್ಸಿನಲ್ಲಿ ಅನುಮಾನವನ್ನು ಹೊತ್ತು ತಿರುಗುವುದು ತಪ್ಪನ್ನು ಹೊತ್ತು ತಿರುಗುವುದಕ್ಕಿಂತ ಹಗುರವೇನಲ್ಲ.

ಹೋದ ಬುಧವಾರ ಉಗುರು ತೆಗೆಯುವ ಕೆಲಸ ನನಗೆ ಬಂತು. ಅಕ್ಕನ ಕೈಗೆ ಕತ್ತರಿ ಕೊಡುವ ಧೈರ್ಯ ಮೇಘಾಳಿಗಿರಲಿಲ್ಲ. ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಎತ್ತದೆ ಹೇಳಿದೆ: “ಅಕ್ಕಾ, ಈ ಮನಿ ನಾ ತೋರಿಸಬಾರದಾಗಿತ್ತು.”

“ನೀ ತೋರಿಸಿದ್ದು ಬೊರಿವಲ್ಯಾಗಿನ ಮನಿ. ದೂರ ಆಗ್ತದಂತ ಇದನ್ನ ನಾನೇ ಹುಡುಕಿದ್ದು. ಹೆಬ್ಬೆಟ್ಟು ಹುಷಾರಿ.”

ನನಗೆ ಬೇರೆಯೇ ನೆನಪಿದೆ: ಇದೇ ಬಾಗಿಲು, ನನ್ನ ಕೈಯಲ್ಲಿ ಕೀಲಿ. ನನ್ನ ನೆನಪು ತಪ್ಪಿತೋ, ಅವಳು ನನಗೋಸ್ಕರ ಹಾಗೆ ಹೇಳಿದಳೋ ತಿಳಿಯಲಿಲ್ಲ. ಆ ವರ್ಷದ ನನ್ನ ಡೈರಿ ಕಪಾಟಿನ ಮೇಲಿದೆ, ಸ್ಟೂಲು ಹತ್ತಿದರೆ ಸಿಗುತ್ತದೆ. ಇನ್ನೂ ಇಳಿಸಿಲ್ಲ. ಅಕ್ಕ ಕಾಲು ಚಾಚಿ ಕೂತು ಹೇಳಿದ ಮಾತನ್ನು ನನ್ನ ಹಳೆಯ ಕೈಬರಹದಿಂದ ತಿದ್ದುವಷ್ಟು ಶಕ್ತಿ ಈಗ ಉಳಿದಿಲ್ಲ.